ಅಂಚೆ ಮುದ್ರೆ ನೋಡುವ ಅಭ್ಯಾಸ

ಬಸವನಗುಡಿ, ಬೆಂಗಳೂರು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಭಾನುವಾರ ಊಟಕ್ಕೆ ಬಂದಾಗ ನೀನು ಮೊಬೈಲಿನಲ್ಲಿ ತೋರಿಸಿದ ಇಮೇಲ್ ಇನ್ನೂ ಕಣ್ಣ ಮುಂದಿದೆ. ‘ನಿಮ್ಮ ಖಾತೆಗೆ ಬೇರೆ ಯಾರೋ ಪ್ರವೇಶಿಸಿದ್ದಾರೆ, 24 ಗಂಟೆಯೊಳಗೆ ದೃಢಪಡಿಸದಿದ್ದರೆ ಖಾತೆ ಮುಚ್ಚಲಾಗುವುದು’ ಎಂದಿತ್ತು. ಅದರಲ್ಲಿದ್ದ ಗುಂಡಿ ಒತ್ತಿ, ತೆರೆದ ಪುಟದಲ್ಲಿ ಪಾಸ್‌ವರ್ಡಿನ ನಾಲ್ಕು ಅಕ್ಷರ ಒತ್ತಿದ ಮೇಲೆ ಅನುಮಾನ ಬಂದು ನಿಲ್ಲಿಸಿದೆ ಎಂದು ನೀನು ಹೇಳಿದೆ. ದೊಡ್ಡಮ್ಮ ಎಲೆ ಹಾಕಿ ಕಾಯುತ್ತಿದ್ದಳು, ನನಗೆ ಹೆಚ್ಚು ಹೇಳಲಾಗಲಿಲ್ಲ. ಅದಕ್ಕೇ ಈ ಕಾಗದ. ಮೊದಲು ಆ ಪಾಸ್‌ವರ್ಡ್ ಬದಲಿಸು. ‘ಮುಂದೆ’ ಎಂಬ ಗುಂಡಿ ಒತ್ತದಿದ್ದರೂ ಅಂಥ ಪುಟಗಳು ಒತ್ತಿದ ಅಕ್ಷರಗಳನ್ನು ಆಗಲೇ ಬರೆದಿಟ್ಟುಕೊಳ್ಳಬಲ್ಲವು.

ನಾನು 32 ವರ್ಷ ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸಿದವನು. ಲಕೋಟೆಯ ಮೂಲೆಯಲ್ಲಿ ‘ಇಂದ’ ಎಂದು ಬರೆದು ಅದರ ಕೆಳಗೆ ಯಾರ ಹೆಸರನ್ನಾದರೂ ಹಾಕಬಹುದು, ಕೇಳುವವರಿಲ್ಲ. ಕಾಗದ ನಿಜವಾಗಿ ಎಲ್ಲಿಂದ ಹೊರಟಿತೆಂದು ತಿಳಿಯಲು ಅಂಚೆ ಮುದ್ರೆ ನೋಡಬೇಕು. ಇಮೇಲಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಹೆಸರೂ ಕಳುಹಿಸಿದವನೇ ಇಟ್ಟುಕೊಂಡದ್ದು. ಅದನ್ನು ಒತ್ತಿದರೆ ಪೂರ್ತಿ ವಿಳಾಸ ತೆರೆದುಕೊಳ್ಳುತ್ತದೆ. ಆ ವಿಳಾಸವನ್ನೂ ನಕಲು ಮಾಡುವ ಖದೀಮರಿದ್ದಾರೆ. ಆದ್ದರಿಂದ ಅಲ್ಲಿಗೇ ನಿಲ್ಲದೆ, ಗುಂಡಿಯ ಹಿಂದಿರುವ ಕೊಂಡಿಯನ್ನೂ ಓದಬೇಕು. ಬೆರಳನ್ನು ಒತ್ತಿ ಹಿಡಿದರೆ ಅದು ಕಾಣುತ್ತದೆ.

ಅದನ್ನು ಓದುವ ಕ್ರಮವಿದೆ. ಕಾಗದ ವಿಂಗಡಿಸುವವನು ವಿಳಾಸವನ್ನು ಹೆಸರಿನಿಂದ ಶುರುಮಾಡುವುದಿಲ್ಲ, ಕೊನೆಯ ಸಾಲಿನಿಂದ ಶುರುಮಾಡುತ್ತಾನೆ. 560004 ಎಂದರೆ ಬಸವನಗುಡಿ. ಮನೆಗೆ ‘ಮೈಸೂರು ನಿಲಯ’ ಎಂದು ಹೆಸರಿಟ್ಟ ಮಾತ್ರಕ್ಕೆ ಕಾಗದ ಮೈಸೂರಿಗೆ ಹೋಗುವುದಿಲ್ಲ. ನಿನಗೆ ಬಂದ ಕೊಂಡಿಯಲ್ಲಿ ನಿನ್ನ ಇಮೇಲ್ ಸಂಸ್ಥೆಯ ಹೆಸರು, ಡಾಟ್ ಕಾಮ್ ಎಲ್ಲವೂ ಮುಂದೆಯೇ ಇತ್ತು. ಅದು ಮನೆಯ ಹೆಸರು ಮಾತ್ರ. ಅದಾದ ಮೇಲೆ ಇನ್ನೊಂದು ಚುಕ್ಕಿ, ‘ಸೆಕ್ಯೂರ್-ಲಾಗಿನ್’, ‘ಡಾಟ್ ಇನ್ಫೋ’, ಆಮೇಲೆ ಓರೆಗೆರೆ. ಆರಂಭದ ಜೋಡಿ ಗೆರೆ ಬಿಟ್ಟು, ನಂತರ ಬರುವ ಮೊದಲ ಓರೆಗೆರೆಯಿಂದ ಎಡಕ್ಕೆ ಓದು. ಆ ಗೆರೆಗೆ ತಾಗಿದಂತೆ ಎಡಕ್ಕಿರುವ ಎರಡು ಮೂರು ಪದಗಳೇ ಕೊಂಡಿ ನಿಜವಾಗಿ ಹೋಗುವ ಊರು. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳು ಒತ್ತೊತ್ತಾಗಿ ನಿಂತರೆ ಎಮ್ ಎಂದೇ ಕಾಣುತ್ತದೆ, ಅಲ್ಲಿಯೂ ಕಣ್ಣಿಡು. ಬ್ಯಾಂಕುಗಳ ಮಟ್ಟಿಗೆ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಕೆಲಸ ಮಾಡಿದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ಸೂಚಿಸಿತ್ತು.

‘ಬೀಗದ ಚಿತ್ರ ಇತ್ತಲ್ಲ ದೊಡ್ಡಪ್ಪ’ ಎಂದೆ. ಪುಟದ ವಿಳಾಸದ ಪಕ್ಕ ಕಾಣುವ ಆ ಬೀಗ ಅಂಚೆ ಚೀಲದ ಮೊಹರಿನಂತೆ. ಚೀಲವನ್ನು ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಎಂದಷ್ಟೇ ಮೊಹರು ಹೇಳುತ್ತದೆ. ಚೀಲ ತಲುಪಿದ್ದು ಕಳ್ಳನ ಮನೆಗೋ ಎಂಬುದನ್ನು ಅದು ಹೇಳಲಾರದು. ಇನ್ನು ಭಾಷೆಯ ತಪ್ಪು ನೋಡಿ ಮೋಸ ಕಂಡುಹಿಡಿಯುವ ಕಾಲ ಹೋಯಿತು. ಈಗ ಅವರು ನಮಗಿಂತ ಶುದ್ಧವಾಗಿ ಬರೆಯುತ್ತಾರೆ.

ಇಷ್ಟೆಲ್ಲ ಪರೀಕ್ಷೆಗೆ ವ್ಯವಧಾನವಿಲ್ಲದ ದಿನ ಆ ಗುಂಡಿಯನ್ನು ಮುಟ್ಟಲೇ ಬೇಡ. ನೀನೇ ಆ್ಯಪ್ ತೆರೆದು ಖಾತೆಗೆ ಹೋಗು. ನಿಜವಾದ ತೊಂದರೆಯಿದ್ದರೆ ಅಲ್ಲಿಯೂ ಕಾಣುತ್ತದೆ.

ನಾನಿದನ್ನು ಕಲಿತದ್ದು ಪೆಟ್ಟು ತಿಂದು. ಎರಡು ವರ್ಷದ ಹಿಂದೆ ದೊಡ್ಡಮ್ಮನ ರಕ್ತಪರೀಕ್ಷೆಯ ವರದಿಗಾಗಿ ಕಾಯುತ್ತಿದ್ದ ದಿನ, ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಹೊಸ ಸಂದೇಶಗಳು ಬರುವುದಿಲ್ಲ’ ಎಂದು ಬಂತು. ವರದಿ ತಪ್ಪಿಹೋದೀತೆಂಬ ಗಾಬರಿಯಲ್ಲಿ ಪಾಸ್‌ವರ್ಡ್ ಕೊಟ್ಟುಬಿಟ್ಟೆ. ಮರುದಿನವೇ ತಿಳಿದು ಪಾಸ್‌ವರ್ಡ್ ಬದಲಿಸಿದೆ, ಗಂಡಾಂತರ ಕಳೆಯಿತು ಎಂದುಕೊಂಡೆ. ಕಳೆದಿರಲಿಲ್ಲ. ನನಗೆ ಬರುವ ಪ್ರತಿ ಪತ್ರದ ಪ್ರತಿಯೂ ತನಗೆ ಹೋಗುವಂತೆ ಕಳ್ಳ ಸೆಟ್ಟಿಂಗ್ಸ್‌ನಲ್ಲಿ ತನ್ನ ವಿಳಾಸ ಸೇರಿಸಿದ್ದ. ಮೂರು ವಾರ ನಮ್ಮ ಮನೆಯ ಕಾಗದಗಳನ್ನೆಲ್ಲ ಅಪರಿಚಿತನೊಬ್ಬ ಓದಿದ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇಮೇಲ್ ಖಾತೆ ಹೋದರೆ ಉಳಿದವುಗಳ ಬೀಗದ ಕೈಯೂ ಹೋದಂತೆ. ಬೇರೆ ಖಾತೆಗಳ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಕೊಂಡಿ ಬರುವುದು ಅಲ್ಲಿಗೇ ತಾನೇ? ಆದ್ದರಿಂದ ಅದಕ್ಕೆ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡಿನ ಜೊತೆ ಒಟಿಪಿಯಂಥ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ ಹಾಕು. ಸಾಧ್ಯವಿದ್ದರೆ ಪಾಸ್‌ಕೀ ಮಾಡಿಕೊ, ಅದಿದ್ದರೆ ಪಾಸ್‌ವರ್ಡಿನ ಬದಲು ಮೊಬೈಲಿನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಒಳಗೆ ಹೋಗಬಹುದು. ಒಟಿಪಿಯನ್ನು ನಕಲಿ ಪುಟವೂ ಕೇಳಿ ಆ ಕ್ಷಣದಲ್ಲೇ ಬಳಸಿಕೊಳ್ಳಬಹುದು, ಪಾಸ್‌ಕೀಯಾದರೋ ನಕಲಿ ವಿಳಾಸದಲ್ಲಿ ಕೆಲಸವನ್ನೇ ಮಾಡುವುದಿಲ್ಲ.

ಎಂದಾದರೂ ಎಡವಿದರೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್ಔಟ್ ಮಾಡು. ಹಣ ಹೋಗಿದ್ದರೆ ಒಂದು ನಿಮಿಷವನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟದಂತೆ ತಡೆಯುವ ಅವಕಾಶ ಹೆಚ್ಚು. ಅಪ್ಪ ಬೈಯುತ್ತಾನೆಂದು ಮುಚ್ಚಿಡಬೇಡ. ನನಗೆ ಫೋನ್ ಮಾಡು, ನಡುರಾತ್ರಿಯಾದರೂ ಸರಿ. ನಾಲ್ಕು ಅಕ್ಷರ ಒತ್ತಿದ್ದನ್ನು ಹೇಳುವಾಗ ನೀನು ತಲೆ ತಗ್ಗಿಸಿದ್ದು ನನಗೆ ಹಿಡಿಸಲಿಲ್ಲ. ಐದನೆಯದಕ್ಕೆ ನಿಲ್ಲಿಸಿದೆಯಲ್ಲ, ಅಷ್ಟು ನನ್ನಿಂದ ಆಗಿರಲಿಲ್ಲ.

ಮುಂದಿನ ಭಾನುವಾರ ಬೇಗ ಬಾ. ಊಟಕ್ಕೆ ಮುಂಚೆ ಇಬ್ಬರೂ ಕೂತು ನಿನ್ನ ಖಾತೆಯ ಸೆಟ್ಟಿಂಗ್ಸ್ ನೋಡೋಣ. ಖಾತೆ ಮರಳಿ ಪಡೆಯಲು ಕೊಟ್ಟ ಕಾಲೇಜಿನ ಕಾಲದ ಹಳೆಯ ಮೊಬೈಲ್ ಸಂಖ್ಯೆ ಅದರಲ್ಲಿ ಇನ್ನೂ ಉಳಿದಿದೆಯೇನೋ ಎಂಬ ಶಂಕೆ ನನಗೆ.

ಇಂತಿ,
ನಿನ್ನ ದೊಡ್ಡಪ್ಪ