ಎರವಲು ಕೊಟ್ಟ ಮೇಲೆ ಎದುರು ಆಡಲೂ ಬಿಡಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಕ್ಲಬ್‌ನಿಂದ ಇನ್ನೊಂದಕ್ಕೆ ಲೋನ್ (ತಾತ್ಕಾಲಿಕ ಎರವಲು) ಮೇಲೆ ಹೋದ ಆಟಗಾರ ತನ್ನ ಮೂಲ ಕ್ಲಬ್ ವಿರುದ್ಧ ಕಣಕ್ಕಿಳಿಯುವಂತಿಲ್ಲ. ಹಿತಾಸಕ್ತಿಯ ಸಂಘರ್ಷ ತಪ್ಪಿಸಲು ಇದು ಬೇಕು ಎಂದು ಸಮರ್ಥಿಸುವವರಿದ್ದಾರೆ. ಆದರೆ ಪಾಯಿಂಟ್ ಪಟ್ಟಿ ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ಈ ನಿಯಮದಿಂದ ಲಾಭ ಆಗುವುದು ಎರವಲು ಕೊಟ್ಟವರಿಗೆ ಮಾತ್ರ.

ಲೀಗ್‌ನಲ್ಲಿ 20 ತಂಡಗಳು, ಪ್ರತಿ ತಂಡಕ್ಕೆ 38 ಪಂದ್ಯ. ಎರವಲು ಪಡೆದ ತಂಡದ ಮುಖ್ಯ ಸ್ಟ್ರೈಕರ್ ಲೋನ್ ಆಟಗಾರ ಎಂದುಕೊಳ್ಳಿ. ಉಳಿದ 18 ತಂಡಗಳು 36 ಪಂದ್ಯಗಳಲ್ಲಿ ಅವನನ್ನು ಎದುರಿಸಬೇಕು. ಮೂಲ ಕ್ಲಬ್‌ಗೆ ಮಾತ್ರ ಎರಡು ಪಂದ್ಯ, ಅಂದರೆ ಆರು ಪಾಯಿಂಟ್, ಅವನಿಲ್ಲದ ದುರ್ಬಲ ತಂಡದ ವಿರುದ್ಧ ಸಿಗುತ್ತವೆ. ಯುರೋಪಿಯನ್ ಟೂರ್ನಿಯ ಸ್ಥಾನಗಳು ಒಂದೆರಡು ಪಾಯಿಂಟ್‌ಗಳಲ್ಲಿ ತೀರ್ಮಾನವಾಗುವ ಲೀಗ್ ಇದು. ಇಲ್ಲಿ ನಷ್ಟ ಅನುಭವಿಸುವುದು ಒಪ್ಪಂದಕ್ಕೆ ಸಂಬಂಧವೇ ಇಲ್ಲದ ಮೂರನೆಯ ತಂಡ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತೇವಲ್ಲ, ಲೋನ್ ವ್ಯವಹಾರದಲ್ಲಿ ಅದು ತಲೆಕೆಳಗು.

ಸಂಬಳ ಕೊಡುವ ಕ್ಲಬ್ ವಿರುದ್ಧ ಆಟಗಾರ ಮನಸ್ಸಿಟ್ಟು ಆಡುತ್ತಾನೆಯೇ ಎಂಬ ಸಂಶಯಕ್ಕೆ ಮೈದಾನದಲ್ಲೇ ಉತ್ತರ ಸಿಕ್ಕಿದೆ. 2004ರ ಫೆಬ್ರವರಿ ಕೊನೆಯಲ್ಲಿ ನ್ಯೂಕ್ಯಾಸಲ್‌ನಿಂದ ಪೋರ್ಟ್ಸ್‌ಮತ್‌ಗೆ ಲೋನ್ ಮೇಲೆ ಹೋಗಿದ್ದ ಲೊಮಾನಾ ಲುವಾಲುವಾ, ಅದೇ ನ್ಯೂಕ್ಯಾಸಲ್ ವಿರುದ್ಧ ಕೊನೆಗಳಿಗೆಯಲ್ಲಿ ಗೋಲು ಹೊಡೆದು ಪಂದ್ಯವನ್ನು 1-1ಕ್ಕೆ ತಂದ. ಅದೇ ವರ್ಷ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ ಫರ್ನಾಂಡೊ ಮೊರಿಯೆಂಟೆಸ್ ಲೋನ್ ಮೇಲೆ ಮೊನಾಕೊ ಪರ ಆಡಿ, ಮ್ಯಾಡ್ರಿಡ್ ವಿರುದ್ಧವೇ ಎರಡೂ ಪಂದ್ಯಗಳಲ್ಲಿ ಗೋಲು ಗಳಿಸಿದ. ಒಟ್ಟು 5-5 ಆಗಿ, ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲುಗಳ ಆಧಾರದಲ್ಲಿ ಮ್ಯಾಡ್ರಿಡ್ ಮನೆಗೆ ಹೋಯಿತು. 2020ರಲ್ಲಿ ಬಾರ್ಸಿಲೋನಾವನ್ನು ಬಯರ್ನ್ 8-2ರಿಂದ ಸೋಲಿಸಿದ ಪಂದ್ಯದಲ್ಲಿ ಬದಲಿಯಾಗಿ ಬಂದು ಎರಡು ಗೋಲು ಹೊಡೆದ ಫಿಲಿಪೆ ಕುಟಿನ್ಹೊ ಬಾರ್ಸಿಲೋನಾದ್ದೇ ಆಟಗಾರ. ಬೇಡವೆಂದು ಕಳಿಸಿದವರ ಎದುರು ಕಾಲು ಇನ್ನೂ ಚುರುಕಾಗುತ್ತದೆ. ಕ್ಲಬ್‌ಗಳಿಗೆ ನಿಜವಾಗಿ ಇರುವ ಭಯವೂ ಇದೇ.

ಆ ಭಯಕ್ಕೆ ಬೆಲೆ ಕಟ್ಟಿದ್ದೂ ಇದೆ. ಚೆಲ್ಸಿಯ ಗೋಲ್‌ಕೀಪರ್ ತಿಬೊ ಕೋರ್ಟುವಾ ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲಿದ್ದಾಗ, 2014ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಈ ಎರಡೇ ತಂಡಗಳು ಎದುರಾದವು. ಚೆಲ್ಸಿ ವಿರುದ್ಧ ಅವನನ್ನು ಆಡಿಸಿದರೆ ಪಂದ್ಯಕ್ಕೆ ಸುಮಾರು 30 ಲಕ್ಷ ಯೂರೊ ಕೊಡಬೇಕೆಂಬ ಷರತ್ತು ಒಪ್ಪಂದದಲ್ಲಿತ್ತು ಎಂದು ಆಗ ವರದಿಯಾಗಿತ್ತು. ಇಂಥ ಷರತ್ತು ತನ್ನ ಟೂರ್ನಿಗಳಲ್ಲಿ ಅಸಿಂಧು ಎಂದು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಸ್ಪಷ್ಟವಾಗಿ ಹೇಳಿತು. ಕೋರ್ಟುವಾ ಎರಡೂ ಪಂದ್ಯ ಆಡಿದ, 0-0 ಮತ್ತು 3-1ರೊಂದಿಗೆ ಅಟ್ಲೆಟಿಕೊ ಫೈನಲ್ ತಲುಪಿತು. ಒಂದು ಕ್ಲಬ್ ಒಪ್ಪಂದದ ಮೂಲಕ ಇನ್ನೊಂದರ ಸ್ವಾತಂತ್ರ್ಯ, ನೀತಿ, ತಂಡದ ಪ್ರದರ್ಶನದ ಮೇಲೆ ಪ್ರಭಾವ ಬೀರುವಂತಿಲ್ಲ ಎಂದು ಫಿಫಾದ ವರ್ಗಾವಣೆ ನಿಯಮಾವಳಿಯ 18 ಬಿಸ್ ವಿಧಿಯೂ ಹೇಳುತ್ತದೆ. ಖಾಸಗಿ ಒಪ್ಪಂದದಲ್ಲಿ ತಪ್ಪಾದದ್ದು ಲೀಗ್ ನಿಯಮಪುಸ್ತಕದಲ್ಲಿ ಸರಿಯಾಗುವುದು ಹೇಗೆ? ಎಲ್ಲರಿಗೂ ಒಂದೇ ನಿಯಮ ಎಂಬ ಸಮಾಧಾನವೇನೋ ಇದೆ. ಆದರೆ ಎರವಲು ಕೊಡುವಷ್ಟು ಆಟಗಾರರು ಎಲ್ಲರ ಬಳಿಯೂ ಇರುವುದಿಲ್ಲ.

ಈ ನಿಷೇಧದ ಪೆಟ್ಟು ಹೆಚ್ಚು ಬೀಳುವುದು ಗೋಲ್‌ಕೀಪರ್ ಜಾಗಕ್ಕೆ. ವಿಂಗರ್ (ಅಂಚಿನಲ್ಲಿ ಆಡುವ ದಾಳಿಗಾರ) ಇಲ್ಲದಿದ್ದರೆ ಆಟಗಾರರ ಜೋಡಣೆಯನ್ನು 4-3-3ರಿಂದ 4-4-2ಕ್ಕೆ ಬದಲಿಸಬಹುದು, ಗೋಲಿನಲ್ಲಿ ಆ ಆಯ್ಕೆ ಇಲ್ಲ. ತಿಂಗಳುಗಟ್ಟಲೆ ಬೆಂಚಿನಲ್ಲಿದ್ದ ಎರಡನೆಯ ಕೀಪರ್ ಒಂದೇ ಪಂದ್ಯಕ್ಕೆ ಬರುತ್ತಾನೆ. ಕಾರ್ನರ್ ಬಂದಾಗ ಯಾವ ಚೆಂಡಿಗೆ ತಾನು ಮುನ್ನುಗ್ಗಬೇಕು, ಯಾವುದನ್ನು ಸೆಂಟರ್‌ಬ್ಯಾಕ್‌ಗೆ ಬಿಡಬೇಕು ಎಂಬುದು ಅಭ್ಯಾಸದಲ್ಲಿ ಪೂರ್ತಿ ಕುದುರುವುದಿಲ್ಲ, ಪಂದ್ಯ ಆಡಿಯೇ ಬರಬೇಕು. ಕೀಪರ್ ಮುಂದೆ ಬರುತ್ತಾನೋ ಇಲ್ಲವೋ ಎಂಬ ಅನುಮಾನದಲ್ಲಿ ರಕ್ಷಣಾ ಸಾಲು ನಾಲ್ಕೈದು ಹೆಜ್ಜೆ ಹಿಂದೆ ಸರಿಯುತ್ತದೆ, ಅದರ ಮುಂದೆ, ನಡುಮೈದಾನದ ಸಾಲಿನ ಹಿಂದೆ ಜಾಗ ಬಿಚ್ಚಿಕೊಳ್ಳುತ್ತದೆ. 2007ರ ಏಪ್ರಿಲ್‌ನಲ್ಲಿ ಎವರ್ಟನ್‌ಗೆ ಆದದ್ದು ನೋಡಿ. ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಲೋನ್ ಮೇಲೆ ಬಂದಿದ್ದ ಟಿಮ್ ಹೊವಾರ್ಡ್‌ನನ್ನು ಫೆಬ್ರವರಿಯಲ್ಲೇ ಎವರ್ಟನ್ ಕಾಯಂ ಆಗಿ ಖರೀದಿಸಿತ್ತು. ಆದರೂ ಬಾಯಿಮಾತಿನ ಒಪ್ಪಂದವೊಂದರ ಕಾರಣಕ್ಕೆ ಯುನೈಟೆಡ್ ವಿರುದ್ಧ ಅವನನ್ನು ಹೊರಗಿಟ್ಟರು. 2-0 ಮುಂದಿದ್ದ ಎವರ್ಟನ್, ಬದಲಿ ಕೀಪರ್ ಕಾರ್ನರ್ ಚೆಂಡನ್ನು ಕೈಚೆಲ್ಲಿದ ಮೇಲೆ ಕುಸಿದು 4-2ರಿಂದ ಸೋತಿತು. ಯುನೈಟೆಡ್ ಆ ವರ್ಷ ಚಾಂಪಿಯನ್ ಆಯಿತು. ಇದರಲ್ಲಿ ಬೆನ್ನಟ್ಟುತ್ತಿದ್ದ ಚೆಲ್ಸಿಯ ತಪ್ಪೇನಿತ್ತು?

ಇಷ್ಟಾಗಿ ನಿಷೇಧ ಮಾಹಿತಿಯನ್ನು ತಡೆಯುವುದೂ ಇಲ್ಲ. ಮೂಲ ಕ್ಲಬ್ ಯಾವಾಗ ಚೆಂಡು ಕಸಿಯಲು ಮುನ್ನುಗ್ಗಿ ಒತ್ತಡ (ಪ್ರೆಸ್) ಹೇರುತ್ತದೆ, ಪೆನಾಲ್ಟಿ ಹೊಡೆಯುವವನ ನೆಚ್ಚಿನ ಮೂಲೆ ಯಾವುದು ಎಂಬುದನ್ನು ಆಟಗಾರ ವಾರವಿಡೀ ಹೊಸ ಕೋಚ್‌ಗೆ ಹೇಳಬಹುದು. ಶನಿವಾರ ಬೂಟು ಕಟ್ಟಬಾರದು ಅಷ್ಟೆ. ಇನ್ನು ಮರುಖರೀದಿ ಹಕ್ಕು ಉಳಿಸಿಕೊಂಡು ಮಾರಿದ ಆಟಗಾರ ಹಳೆಯ ಕ್ಲಬ್ ವಿರುದ್ಧ ರಾಜಾರೋಷವಾಗಿ ಆಡುತ್ತಾನೆ. ಅವನ ಭವಿಷ್ಯವೂ ಅದೇ ಕ್ಲಬ್ ಕೈಯಲ್ಲಿದೆ, ಅಲ್ಲಿ ಯಾರಿಗೂ ಸಂಘರ್ಷ ಕಾಣುವುದಿಲ್ಲ.

ನಿಷೇಧ ತೆಗೆದರೆ ಸಾಲದು, ಹಣದ ಷರತ್ತುಗಳ ಮೇಲೂ ಕಣ್ಣಿಡಬೇಕು. ಇಂತಿಷ್ಟು ಪಂದ್ಯ ಆಡಿಸಿದರೆ ಖರೀದಿ ಕಡ್ಡಾಯ ಎಂಬ ಷರತ್ತು ತಂಡದ ಆಯ್ಕೆಯನ್ನೇ ತಿರುಚಬಲ್ಲದು. 2022ರಲ್ಲಿ ಅಟ್ಲೆಟಿಕೊ ತಂಡ ಬಾರ್ಸಿಲೋನಾದಿಂದ ಲೋನ್ ಮೇಲಿದ್ದ ಗ್ರೀಜ್‌ಮನ್‌ನನ್ನು, ಅಂಥ ಷರತ್ತಿನ ಲೆಕ್ಕಕ್ಕೆ ಪಂದ್ಯ ಸೇರದಿರಲೆಂದು, ಪಂದ್ಯದ ಮೇಲೆ ಪಂದ್ಯ 60 ನಿಮಿಷ ದಾಟಿದ ಮೇಲೆಯೇ ಇಳಿಸುತ್ತಿದ್ದುದನ್ನು ಎಲ್ಲರೂ ನೋಡಿದ್ದಾರೆ. ಆದ್ದರಿಂದ ಲೋನ್ ಒಪ್ಪಂದದ ಪೂರ್ತಿ ಪ್ರತಿ ನೋಂದಣಿ ದಿನವೇ ಲೀಗ್ ಕೈಸೇರಬೇಕು. ಮೂಲ ಕ್ಲಬ್ ವಿರುದ್ಧದ ಎರಡು ಪಂದ್ಯಗಳಿಗೆ ಬೋನಸ್, ದಂಡ, ಸಂಬಳದ ಪಾಲು ಯಾವುದೂ ಬದಲಾಗಬಾರದು. ಆ ಪಂದ್ಯಕ್ಕೆ ಮುಂಚಿನ 14 ದಿನಗಳಲ್ಲಿ ಆಟಗಾರನನ್ನು ವಾಪಸ್ ಕರೆಸಿಕೊಳ್ಳುವ ಹಕ್ಕೂ ಇರಬಾರದು, ಇಲ್ಲದಿದ್ದರೆ ನಿಷೇಧ ಹಿಂಬಾಗಿಲಿನಿಂದ ಮರಳುತ್ತದೆ.

ಕೊನೆಯ ಸುತ್ತಿನಲ್ಲಿ ಲೋನ್ ಕೀಪರ್ ಒಬ್ಬ ಮೂಲ ಕ್ಲಬ್ ಎದುರು ಸುಲಭದ ಚೆಂಡು ಬಿಟ್ಟರೆ ಜನ ಬಿಡುತ್ತಾರೆಯೇ ಎಂದು ಕೇಳಬಹುದು. ಬಿಡುವುದಿಲ್ಲ, ನಿಜ. ಆ ಅಪಾಯ ಬೇಡವೆನ್ನುವ ಕ್ಲಬ್ ತನ್ನ ಆಟಗಾರನನ್ನು ಬೇರೆ ದೇಶದ ಲೀಗ್‌ಗೋ ಕೆಳಗಿನ ದರ್ಜೆಗೋ ಕಳಿಸಲಿ.

ಇಂತಿ,
ಫುಟ್‌ಬಾಲ್ ಆಸಕ್ತ ಓದುಗ