ಆಳದ ಚಿತ್ರದಲ್ಲಿ ತೂತುಗಳಿದ್ದರೆ ಇರಲಿ

ಮಾನ್ಯ ಸಂಪಾದಕರೇ,

ಜೋಡಿ ಮಸೂರದ ಸ್ಟೀರಿಯೊ ಕ್ಯಾಮೆರಾಗಳ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಎರಡು ಕಣ್ಣಿನ ತತ್ತ್ವವನ್ನು ಲೇಖಕರು ಚೆನ್ನಾಗಿಯೇ ಬಿಡಿಸಿ ಹೇಳಿದ್ದಾರೆ. ಆದರೆ ಆಳದ ಚಿತ್ರ, ಅಂದರೆ ಪ್ರತಿ ಬಿಂದುವಿನ ದೂರವನ್ನು ಬಣ್ಣದಲ್ಲಿ ತೋರಿಸುವ ಚಿತ್ರ, ಸರಿಯಿಲ್ಲದಿದ್ದರೆ ಹೆಚ್ಚು ರೆಸಲ್ಯೂಶನ್ನಿನ ಕ್ಯಾಮೆರಾ ಕೊಳ್ಳಬೇಕು, ಉಳಿದ ತೂತುಗಳನ್ನು (ದೂರ ಸಿಗದ ಖಾಲಿ ಜಾಗಗಳನ್ನು) ತಂತ್ರಾಂಶ ತುಂಬಿಕೊಳ್ಳುತ್ತದೆ ಎಂಬ ಕೊನೆಯ ಸಲಹೆಗೆ ನನ್ನ ತಕರಾರಿದೆ. ಸರಕಿನ ಪೆಟ್ಟಿಗೆಗಳನ್ನು ಎತ್ತಿಡುವ ಯಂತ್ರಗಳಿಗೆ ಇಂಥ ಕ್ಯಾಮೆರಾ ಕೂರಿಸಿ ಹೊಂದಿಸುವುದೇ ನನ್ನ ಕಸುಬು.

ಒಂದೇ ಬಿಂದುವನ್ನು ಎಡ, ಬಲ ಎರಡೂ ಚಿತ್ರಗಳಲ್ಲಿ ಗುರುತಿಸಿ, ಅದು ಎಷ್ಟು ಪಿಕ್ಸೆಲ್ ಪಕ್ಕಕ್ಕೆ ಸರಿದಿದೆ ಎಂದು ನೋಡಿ ಕ್ಯಾಮೆರಾ ದೂರವನ್ನು ಲೆಕ್ಕ ಹಾಕುತ್ತದೆ. ಗುರುತು ಸಿಗದ ಕಡೆ ಲೆಕ್ಕವೂ ಇಲ್ಲ. ಆದ್ದರಿಂದ ದೂರು ಬಂದಾಗ ನಾನು ಬಣ್ಣಬಣ್ಣದ ಆಳದ ಚಿತ್ರವನ್ನು ಪಕ್ಕಕ್ಕಿಟ್ಟು, ಎಡ–ಬಲದ ಕಪ್ಪು-ಬಿಳುಪು ಮೂಲಚಿತ್ರಗಳನ್ನು ತೆರೆಯುತ್ತೇನೆ. ಬಹುತೇಕ ಸಲ ರೋಗ ಅಲ್ಲೇ ಕಾಣುತ್ತದೆ: ಪೆಟ್ಟಿಗೆಯ ಮೇಲ್ಭಾಗ ಸುಣ್ಣ ಬಳಿದಂತೆ ಬೆಳ್ಳಗಾಗಿ, ಅದರ ಮೇಲಿನ ಅಕ್ಷರ, ಅಂಟುಪಟ್ಟಿ, ರಟ್ಟಿನ ಗೆರೆ ಯಾವುದೂ ಉಳಿದಿರುವುದಿಲ್ಲ. ಸುತ್ತಲಿನ ನೆಲ ಕಪ್ಪಗಿದ್ದರೆ ಸ್ವಯಂಚಾಲಿತ ಎಕ್ಸ್‌ಪೋಷರ್ ಇಡೀ ದೃಶ್ಯದ ಸರಾಸರಿ ಹಿಡಿದು ಬೆಳಕು ಹೆಚ್ಚಿಸುತ್ತದೆ. ನಮಗೆ ಬೇಕಾದ ಪೆಟ್ಟಿಗೆಯೇ ಕಳೆದುಹೋಗುತ್ತದೆ. ಬೆಳಕನ್ನು ಅಳೆಯುವ ಚೌಕವನ್ನು ಪೆಟ್ಟಿಗೆ ಬರುವ ಜಾಗಕ್ಕಷ್ಟೇ ಸೀಮಿತಗೊಳಿಸಿದರೆ ಅರ್ಧ ಕೆಲಸ ಮುಗಿಯಿತು. ಚಿತ್ರ ಕಪ್ಪಗಿದ್ದರೆ ಮೊದಲು ಎಕ್ಸ್‌ಪೋಷರ್ ಅವಧಿಯನ್ನು, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು ಹೆಚ್ಚಿಸಬೇಕು; ಹಿಡಿದ ಸಂಕೇತವನ್ನು ವರ್ಧಿಸುವ ಗೇನ್ ಮುಟ್ಟುವುದು ಕೊನೆಗೆ. ಗೇನ್ ಏರಿಸಿದರೆ ಬೆಳಕಿನ ಜೊತೆ ಕಾಳುಕಾಳಾದ ಗದ್ದಲವೂ ಏರಿ, ಆಳದ ಚಿತ್ರದಲ್ಲಿ ಸಪಾಟು ಮೇಲ್ಮೈ ಕೂಡ ನಡುಗತೊಡಗುತ್ತದೆ. ಪೆಟ್ಟಿಗೆ ಚಲಿಸುತ್ತಿದ್ದರೆ ಮಾತ್ರ ಅವಧಿ ಹೆಚ್ಚಿಸುವಂತಿಲ್ಲ, ಅಂಚುಗಳು ಮಸುಕಾಗುತ್ತವೆ; ಆಗ ದೀಪ ಹೆಚ್ಚಿಸುವುದೇ ದಾರಿ.

ಕ್ಯಾಮೆರಾದ ಜೊತೆಗೇ ಬರುವ ಅವಕೆಂಪು ಲೇಸರ್ ಪ್ರೊಜೆಕ್ಟರನ್ನು ಬಂದ ದಿನವೇ ಗರಿಷ್ಠಕ್ಕೆ ತಿರುಗಿಸಿಡುವ ಅಭ್ಯಾಸ ಅನೇಕರಿಗಿದೆ. ಯಾಕೋ ತಿಳಿಯದು. ಬೋಳು ಗೋಡೆಯ ಮೇಲೆ ಚುಕ್ಕೆ ಚೆಲ್ಲಿ ಗುರುತು ಕೊಡುವುದಷ್ಟೇ ಅದರ ಕೆಲಸ. ಹೊಳೆಯುವ ವಸ್ತುವಿನ ಮೇಲೆ ಶಕ್ತಿ ತಗ್ಗಿಸಿದರೇ ಫಲ ಹೆಚ್ಚು. ನೇರ ಬಿಸಿಲಿನಲ್ಲಂತೂ ಆ ಚುಕ್ಕೆಗಳು ಕಾಣುವುದೇ ಕಷ್ಟ.

ಇನ್ನು ರೆಸಲ್ಯೂಶನ್. ಮಸೂರಗಳ ನಡುವೆ 50 ಮಿ.ಮೀ. ಅಂತರ, 90 ಡಿಗ್ರಿ ನೋಟ, 848 ಪಿಕ್ಸೆಲ್ ಅಗಲದ ಚಿತ್ರ ಎಂದಿಟ್ಟುಕೊಳ್ಳಿ. ಒಂದು ಮೀಟರ್ ದೂರದ ಬಿಂದು ಸುಮಾರು 21 ಪಿಕ್ಸೆಲ್ ಸರಿಯುತ್ತದೆ, ನಾಲ್ಕು ಮೀಟರಿನದು ಬರೀ 5. ಗುರುತಿಸುವಾಗ ಪಿಕ್ಸೆಲ್ಲಿನ ಹತ್ತನೇ ಒಂದು ಭಾಗ ತಪ್ಪಿದರೆ ಒಂದು ಮೀಟರಿನಲ್ಲಿ ಆಗುವ ದೋಷ ಸುಮಾರು 5 ಮಿ.ಮೀ., ಎರಡರಲ್ಲಿ 19, ನಾಲ್ಕರಲ್ಲಿ 75. ದೂರ ದುಪ್ಪಟ್ಟಾದರೆ ದೋಷ ನಾಲ್ಕು ಪಟ್ಟು. ಹೀಗಿರುವಾಗ ಹೊಸ ಕ್ಯಾಮೆರಾ ತರುವುದಕ್ಕಿಂತ ಇರುವುದನ್ನೇ ಹತ್ತಿರ ಇಳಿಸುವುದು ಜಾಣತನವಲ್ಲವೇ? ಹೆಚ್ಚು ಪಿಕ್ಸೆಲ್ಲಿನಿಂದ ನಿಖರತೆ ಹೆಚ್ಚುತ್ತದೆ, ನಿಜ. ಆದರೆ ಸರಿದ ಬಿಂದುವನ್ನು ಕ್ಯಾಮೆರಾ ಹುಡುಕುವ ವ್ಯಾಪ್ತಿ 126 ಪಿಕ್ಸೆಲ್ಲಿಗೆ ಸೀಮಿತವಾಗಿದ್ದರೆ, 848ರಲ್ಲಿ 17 ಸೆಂ.ಮೀ.ವರೆಗೆ ಕಾಣುತ್ತಿದ್ದ ವಸ್ತು 1280ರಲ್ಲಿ 25 ಸೆಂ.ಮೀ.ಗಿಂತ ಹತ್ತಿರ ಬಂದರೆ ಕಾಣುವುದಿಲ್ಲ. ಲೇಖನದಲ್ಲಿ ಈ ಮಾತು ಬರಬೇಕಿತ್ತು.

ನನ್ನ ಮುಖ್ಯ ತಕರಾರು ತೂತು ತುಂಬುವ ಫಿಲ್ಟರಿನ ಮೇಲೆ. ಉಳಿದ ಫಿಲ್ಟರುಗಳನ್ನು ನಾನೂ ಬಳಸುತ್ತೇನೆ. ಹಿಂದಿನ ಚಿತ್ರಗಳೊಂದಿಗೆ ಸರಾಸರಿ ಮಾಡುವುದು ನಿಶ್ಚಲ ದೃಶ್ಯಕ್ಕೆ ಒಳ್ಳೆಯದು, ಚಲಿಸುವ ವಸ್ತುವಿನ ಹಿಂದೆ ಮಾತ್ರ ಬಾಲ ಬಿಡುತ್ತದೆ. ಅಂಚು ಉಳಿಸಿಕೊಂಡು ನಯಗೊಳಿಸುವುದೂ ಸರಿಯೇ. ಆದರೆ ತೂತು ತುಂಬುವುದೆಂದರೆ ಅಳೆಯದ ಜಾಗಕ್ಕೆ ಪಕ್ಕದ ಪಿಕ್ಸೆಲ್ಲಿನ ದೂರವನ್ನು ಎರವಲು ತರುವುದು. ಹೊಳೆಯುವ ಪ್ಲಾಸ್ಟಿಕ್ ಸುತ್ತಿದ ಎತ್ತರದ ಪೆಟ್ಟಿಗೆಯ ಮೇಲ್ಭಾಗ ತೂತಾಗಿ ಬಂತೆನ್ನಿ. ಫಿಲ್ಟರು ಪಕ್ಕದ ಗಿಡ್ಡ ಪೆಟ್ಟಿಗೆಯ ಅಳತೆಯನ್ನು ಅಲ್ಲಿಗೆ ಬಳಿದರೆ, ಯಂತ್ರದ ತೋಳು ಪೂರ್ತಿ ವೇಗದಲ್ಲೇ ಇಳಿದು ಪೆಟ್ಟಿಗೆಯನ್ನು ಜಜ್ಜುತ್ತದೆ. ತೂತನ್ನು ತೂತಾಗಿಯೇ ಬಿಟ್ಟಿದ್ದರೆ ತೋಳು ನಿಂತು ಸಹಾಯ ಕೇಳುವಂತೆ ಮಾಡಬಹುದಿತ್ತು.

ಲೇಖನದ ಜೊತೆ ಅಚ್ಚಾದ ಆಳದ ಚಿತ್ರದಲ್ಲಿ ಒಂದೂ ತೂತಿರಲಿಲ್ಲ. ಮುಂದಿರುವ ವಸ್ತುವಿನ ಒಂದು ಬದಿಯಲ್ಲಿ, ಹಿನ್ನೆಲೆಯ ಒಂದು ಪಟ್ಟಿ ಒಂದು ಮಸೂರಕ್ಕೆ ಕಂಡು ಇನ್ನೊಂದಕ್ಕೆ ಮರೆಯಾಗುತ್ತದೆ. ಅಲ್ಲಿ ದೂರ ಅಳೆಯುವುದು ಸಾಧ್ಯವೇ ಇಲ್ಲ. ಆ ಪಟ್ಟಿ ಕಾಣದ ಚಿತ್ರ ತೇಪೆ ಹಾಕಿದ್ದೇ ಸೈ. ಮುಂದೆ ಇಂಥ ಚಿತ್ರ ಪ್ರಕಟಿಸುವಾಗ ಪಕ್ಕದಲ್ಲೇ ಫಿಲ್ಟರ್ ಹಾಕದ ಮೂಲವನ್ನೂ, ಯಾವ ಬಣ್ಣಕ್ಕೆ ಎಷ್ಟು ದೂರ ಎಂಬ ಅಳತೆಪಟ್ಟಿಯನ್ನೂ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಕ್ಯಾಮೆರಾ ತಂತ್ರಜ್ಞ