ತಪಸ್ಸುಕಾಲದ ಮನೆ ಕೂಟಗಳಿಗೆ ಹೊಸಬರೂ ಬರಲಿ

ಮಾನ್ಯ ಸಂಪಾದಕರೇ,

ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳಾದ ತಪಸ್ಸುಕಾಲ ಬಂತೆಂದರೆ ಕ್ರೈಸ್ತರಾದ ನಮ್ಮ ನಡುವೆ ಏನು ಬಿಡಬೇಕು ಎಂಬ ಮಾತೇ ಹೆಚ್ಚು. ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ 46 ದಿನ, ಆರು ಭಾನುವಾರ ಕಳೆದರೆ 40. ಇಷ್ಟು ದಿನಗಳಲ್ಲಿ ವಾರಕ್ಕೊಂದು ಸಂಜೆಯನ್ನು ಮನೆ ಪ್ರಾರ್ಥನಾ ಕೂಟಕ್ಕೆ ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ. ಎಂಟು ಹತ್ತು ಮಂದಿ ಯಾರದೋ ಮನೆಯಲ್ಲಿ ಸೇರಿ ಶುಭಸಂದೇಶ, ಅಂದರೆ ಬೈಬಲಿನಲ್ಲಿ ಯೇಸುವಿನ ಬದುಕು, ಬೋಧನೆ ಹೇಳುವ ಭಾಗ ಓದಿ, ಅದರ ಬಗ್ಗೆ ಮಾತಾಡಿ, ಪ್ರಾರ್ಥಿಸುವ ಕೂಟ ಅದು.

ನಮ್ಮತ್ತೆ ಹಾಸಿಗೆ ಹಿಡಿದ ಮೇಲೆ ಸಂಜೆ ದೇವಾಲಯಕ್ಕೆ ಹೋಗುವುದು ನನ್ನಿಂದ ಆಗದಾಯಿತು. ಆಗ ಕೂಟದವರೇ ನಮ್ಮ ಮನೆಗೆ ಬಂದರು. ಅತ್ತೆಯ ಕೋಣೆಯ ಬಾಗಿಲು ತೆರೆದಿಟ್ಟು ನಡುಮನೆಯಲ್ಲಿ ಕೂತೆವು. ಬೈಬಲಿನ 51ನೇ ಕೀರ್ತನೆ, ಪಶ್ಚಾತ್ತಾಪದ ಪ್ರಾರ್ಥನೆ, ಶುರುವಾದದ್ದೇ ತಡ, ಒಳಗಿನಿಂದ ಅವರ ದನಿ ನಮಗಿಂತ ಒಂದು ಸಾಲು ಮುಂದೆ ಕೇಳಿಸಿತು. ಅವರಿಗೆ ಅದು ಪೂರ್ತಿ ಬಾಯಿಪಾಠ ಎಂಬುದು ಅವತ್ತಿನವರೆಗೆ ನನಗೇ ತಿಳಿದಿರಲಿಲ್ಲ.

ದೇವಾಲಯದಲ್ಲಿ ಭಾನುವಾರಗಳಂದು ಬೈಬಲ್ ಓದುವ ಮೂರು ವರ್ಷದ ಸರದಿಯ ಮೊದಲ ವರ್ಷದಲ್ಲಿ ತಪಸ್ಸುಕಾಲದ ಮೂರು, ನಾಲ್ಕು, ಐದನೇ ಭಾನುವಾರಗಳಿಗೆ ಯೊವಾನ್ನನ ಶುಭಸಂದೇಶದ ಮೂರು ದೊಡ್ಡ ಪ್ರಸಂಗಗಳು ಬರುತ್ತವೆ: ಬಾವಿಯ ಬಳಿ ಯೇಸು ಮಾತಾಡಿಸಿದ ಸಮಾರಿಯದ ಮಹಿಳೆ, ಅವರು ಕಣ್ಣು ಕೊಟ್ಟ ಹುಟ್ಟುಕುರುಡ, ಸತ್ತ ಮೇಲೆ ಅವರು ಎಬ್ಬಿಸಿದ ಲಾಸರ. ಹುಟ್ಟುಕುರುಡನ ಅಧ್ಯಾಯವೊಂದರಲ್ಲೇ 41 ವಚನ. ದೇವಾಲಯದಲ್ಲಿ ನಿಂತು ಕೇಳುವಾಗ ಅರ್ಧ ಕಿವಿಗೆ ಬೀಳುತ್ತದೆ, ಅರ್ಧ ಜಾರಿಹೋಗುತ್ತದೆ. ಮನೆಯಲ್ಲಾದರೆ ಎರಡು ಸಂಜೆ ಅದರ ಮೇಲೇ ಕೂರಬಹುದು. ನಾವು ಕೂತಿದ್ದಾಗ, ಅಪರೂಪಕ್ಕೆ ಬಾಯಿ ಬಿಡುವ ಹಿರಿಯರೊಬ್ಬರು ಆ ಕುರುಡನ ತಂದೆತಾಯಿಯ ಮಾತಿಗೆ ಬಂದು ನಿಂತರು. ಮಗನಿಗೆ ಕಣ್ಣು ಬಂದಿದೆ, ಆದರೂ ಯೆಹೂದ್ಯ ಮುಖಂಡರು ವಿಚಾರಿಸಿದಾಗ, ಪ್ರಾರ್ಥನಾಮಂದಿರದಿಂದ ಹೊರಗೆ ಹಾಕುತ್ತಾರೆಂಬ ಭಯಕ್ಕೆ ಅವರು ‘ಅವನನ್ನೇ ಕೇಳಿ’ ಎಂದು ಕೈತೊಳೆದುಕೊಳ್ಳುತ್ತಾರೆ. “ನಾನೂ ನನ್ನ ಮಗನ ವಿಷಯದಲ್ಲಿ ಹೀಗೇ ಹೆದರಿದ್ದೆ” ಎಂದಷ್ಟೇ ಹೇಳಿ ಹಿರಿಯರು ಪುಸ್ತಕ ಮುಚ್ಚಿದರು. ಏನು, ಎತ್ತ ಎಂದು ಯಾರೂ ಕೆದಕಲಿಲ್ಲ. ಮುಂದಿನ ವಾರ ಉಳಿದದ್ದನ್ನು ಅವರಾಗಿಯೇ ಹೇಳಿದರು. ಗುರುಗಳ ಎಷ್ಟೋ ಪ್ರವಚನ ಕೇಳಿದ್ದೇನೆ, ಆ ತಂದೆತಾಯಿಯ ಬಗ್ಗೆ ಅಷ್ಟು ಯೋಚಿಸುವಂತೆ ಮಾಡಿದ್ದು ಆ ಒಂದು ಮಾತು.

ಬೈಬಲ್ ಗೊತ್ತಿಲ್ಲ, ನಾವು ಬಂದು ಏನು ಮಾಡುವುದು ಎಂದು ಸಂಕೋಚಪಡುವವರಿಗೇ ನಾನು ಮುಖ್ಯವಾಗಿ ಬರೆಯುತ್ತಿರುವುದು. ಗೊತ್ತಿರಬೇಕಾದ್ದು ಏನೂ ಇಲ್ಲ. ಓದುವಾಗ ಕೇಳಿಸಿಕೊಂಡು ಸುಮ್ಮನೆ ಕೂತರೂ ಸಾಕು. ಪವಿತ್ರಗ್ರಂಥವನ್ನು ಭಕ್ತರೆಲ್ಲರೂ ಆಗಾಗ ಓದಬೇಕೆಂದು 1965ರಲ್ಲೇ ಕಥೋಲಿಕ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದೆ. ಅದಕ್ಕೂ ಬಹಳ ಹಿಂದೆ, ಮೊದಲ ಕ್ರೈಸ್ತರು ಸೇರುತ್ತಿದ್ದದ್ದೂ ಮನೆಗಳಲ್ಲೇ. ಪ್ರಿಸ್ಕ, ಅಕ್ವಿಲ ದಂಪತಿಯ ಮನೆಯಲ್ಲಿ ಸೇರುವ ಸಭೆಗೆ ಪ್ರೇಷಿತ ಸಂತ ಪೌಲ ವಂದನೆ ಹೇಳಿ ಕಳಿಸಿದ್ದು ಅವರು ರೋಮನ್ನರಿಗೆ ಬರೆದ, ಬೈಬಲಿನಲ್ಲಿರುವ ಪತ್ರದಲ್ಲಿದೆ.

ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸು ಎಂದು ಬೂದಿ ಬುಧವಾರದ ಶುಭಸಂದೇಶವೇ ಹೇಳುತ್ತದಲ್ಲ, ಕೂಟವೇಕೆ ಎಂದು ಕೆಲವರು ಕೇಳುತ್ತಾರೆ. ಯೇಸುಸ್ವಾಮಿ ಅಲ್ಲಿ ಖಂಡಿಸಿದ್ದು ಜನರಿಗೆ ಕಾಣಲೆಂದು ಮಾಡುವ ಪ್ರಾರ್ಥನೆಯನ್ನು. ಒಬ್ಬರ ಕಷ್ಟ ಒಬ್ಬರಿಗೆ ಗೊತ್ತಿರುವ ನಡುಮನೆಯಲ್ಲಿ ಪ್ರದರ್ಶನಕ್ಕೆ ಜಾಗವಿರುವುದಿಲ್ಲ. ಆದರೆ ಅಲ್ಲಿ ಕೇಳಿದ ಮಾತು ಹೊಸಿಲು ದಾಟಬಾರದು. ಇದೊಂದು ಕಟ್ಟುನಿಟ್ಟು ಇಲ್ಲದಿದ್ದರೆ ಕೂಟ ಹರಟೆಯಾಗುತ್ತದೆ, ಮನಸ್ಸು ಬಿಚ್ಚಿದವರು ಮತ್ತೆ ಬರುವುದಿಲ್ಲ.

ಕರೆಯುವವರಲ್ಲಿಯೂ ಒಂದು ಕೋರಿಕೆ. ಸತ್ಕಾರದ ಪೈಪೋಟಿ ಬೇಡ. ಒಂದು ಮನೆಯಲ್ಲಿ ಜೋರಾಗಿ ನಡೆದರೆ, ಕೈ ಬಿಗಿಯಿರುವ ಪಕ್ಕದ ಮನೆಯವರು ಮುಂದಿನ ವಾರಕ್ಕೆ ತಮ್ಮ ಹೆಸರು ಕೊಡಲು ಹಿಂಜರಿಯುತ್ತಾರೆ. ಕುಡಿಯಲು ನೀರು, ಕೂರಲು ಚಾಪೆ ಇದ್ದರೆ ಆಯಿತು. ಒಬ್ಬರೇ ಉದ್ದಕ್ಕೆ ಬೋಧಿಸುವುದೂ ಬೇಡ.

ಧರ್ಮಕೇಂದ್ರದ ಗುರುಗಳು ಯಾವ ವಾರ ಯಾರ ಮನೆಯಲ್ಲಿ ಕೂಟ, ಎಷ್ಟು ಹೊತ್ತಿಗೆ ಎಂಬುದನ್ನು ಭಾನುವಾರದ ಬಲಿಪೂಜೆಯ (ಮಾಸ್) ಕೊನೆಗೆ ಓದಿ ಹೇಳಿದರೆ ಉಪಕಾರವಾದೀತು. ಪಾಳಿ ಕೆಲಸದವರಿಗೆ ಹೊಂದುವ ಒಂದು ಹೊತ್ತು, ಮನೆ ಬಿಟ್ಟು ಹೊರಡಲಾಗದ ರೋಗಿಗಳ ಒಂದೆರಡು ಮನೆ ಆ ಪಟ್ಟಿಯಲ್ಲಿರಲಿ.

– ಒಬ್ಬ ಓದುಗಿ